ಕೈವಾದ್ಯವೂ ಲೋಕಸಂಗೀತವೂ

“ಓದಿ ಪರೀಕ್ಷೆ ಮುಗಿಸಬೇಕಾದ ಹುಡುಗನು ಮೃದಂಗ ಬಡಿಯುತ್ತ ಕುಳಿತರೆ ಮುಂದೆ ಹೊಟ್ಟೆಗೇನು ಗತಿ?” ಎಂದು ಕೇಳುವ ಗೃಹಸ್ಥರು ನಮ್ಮ ಪಾಂಡವಪುರದ ಸೀಮೆಯಲ್ಲಿ ಈಗಲೂ ಉಂಟು. ಪ್ರಶ್ನೆ ಅನುಚಿತವಾದುದಲ್ಲ, ಮಕ್ಕಳ ಜೀವನೋಪಾಯವನ್ನು ಚಿಂತಿಸುವುದು ತಂದೆತಾಯಿಗಳ ಧರ್ಮವೇ ಸರಿ. ಆದರೆ ಚರ್ಮವಾದ್ಯವನ್ನು ಬಾರಿಸುವುದು ಕೇವಲ ಸದ್ದು, ಅದರಲ್ಲಿ ವಿದ್ಯೆಯೆಂಬುದಿಲ್ಲ ಎಂಬ ಅಭಿಪ್ರಾಯವೊಂದು ಈ ಪ್ರಶ್ನೆಯೊಳಗೆ ಅಡಗಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ಈ ಲೇಖನದ ಉದ್ದೇಶ.

ನಮ್ಮ ಪೂರ್ವಿಕರು ಹಾಗೆ ಎಣಿಸಿರಲಿಲ್ಲ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಘನ, ಅವನದ್ಧ ಎಂದು ನಾಲ್ಕಾಗಿ ವಿಂಗಡಿಸಿ, ಚರ್ಮ ಹೊದಿಸಿದ ಅವನದ್ಧವಾದ್ಯಗಳಿಗೆ ದೀರ್ಘವಾದ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಸ್ವಾತಿಯೆಂಬ ಮುನಿಯು ನೀರಿಗೆಂದು ಸರೋವರಕ್ಕೆ ಹೋದಾಗ ಮಳೆ ಬಂದಿತಂತೆ. ಹಿರಿದು, ಕಿರಿದು, ಮಧ್ಯಮವಾದ ತಾವರೆಯೆಲೆಗಳ ಮೇಲೆ ಬಿದ್ದ ಹನಿಗಳು ಬೇರೆ ಬೇರೆ ನಾದವನ್ನು ಹೊರಡಿಸಿದುವು. ಅದನ್ನು ಗಮನವಿಟ್ಟು ಕೇಳಿದ ಆತನು ಪುಷ್ಕರವಾದ್ಯಗಳನ್ನು ಕಲ್ಪಿಸಿದನು. ಯೂರೋಪಿನಲ್ಲಿ 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬ ಪಂಡಿತರು ಪ್ರಪಂಚದ ವಾದ್ಯಗಳನ್ನೆಲ್ಲ ವರ್ಗೀಕರಿಸಿದಾಗ, ಅವರ ಕ್ರಮವೂ ಈ ಚತುರ್ವಿಧ ವಿಭಾಗವನ್ನೇ ಬಹುಮಟ್ಟಿಗೆ ಹೋಲುತ್ತಿದ್ದಿತು.

ಸ್ವಾತಿಮುನಿ ಕಿವಿಯಿಂದ ಕಂಡುದನ್ನು ನಮ್ಮ ಕಾಲದಲ್ಲಿ ಸರ್ ಸಿ. ವಿ. ರಾಮನ್ನರು ಪ್ರಯೋಗದಿಂದ ಪರೀಕ್ಷಿಸಿದರು. ಸಾಮಾನ್ಯವಾದ ಚರ್ಮವಾದ್ಯದಲ್ಲಿ ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಅದರ ಧ್ವನಿ ಶ್ರುತಿಗೆ ನಿಲ್ಲುವುದಿಲ್ಲ. ಮೃದಂಗದ ಬಲಂತಲೆಯ ನಡುವೆ ಪದರಪದರವಾಗಿ ಹಚ್ಚುವ ಕಪ್ಪು ಕರಣೆಯ ಭಾರದಿಂದ ಈ ಉಪಸ್ವರಗಳು ತಂತಿವಾದ್ಯದಲ್ಲಿರುವಂತೆ ಕ್ರಮಕ್ಕೆ ಬರುವುವೆಂದು ಅವರು 1920ರಲ್ಲಿ ಪ್ರಕಟಿಸಿದರು. 1934ರಲ್ಲಿ ಬೆಂಗಳೂರಿನಿಂದ ಇನ್ನೂ ವಿಸ್ತಾರವಾಗಿ ಬರೆದರು. ಕರಣೆ ಹಚ್ಚುವ ಉಪಾಯವನ್ನು ಕಂಡುಹಿಡಿದವರು ಯಾವ ಕಾಲೇಜಿನಲ್ಲಿಯೂ ಓದಿದವರಲ್ಲ. ಹಲಸಿನ ಮರವನ್ನು ಕೊರೆದು ಚರ್ಮವನ್ನು ಹದಮಾಡುತ್ತಿದ್ದ ಕುಶಲಕರ್ಮಿಗಳು.

ಇನ್ನು ಕಲಿಕೆಯ ಕ್ರಮವನ್ನು ನೋಡೋಣ. ಈ ವಿದ್ಯೆ ಮೊದಲು ಬಾಯಿಗೆ ಬಂದು ಆಮೇಲೆ ಕೈಗೆ ಇಳಿಯತಕ್ಕದ್ದು. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿಸುವಂತೆ, ಇಲ್ಲಿಯೂ ತ, ದಿ, ತೊಂ, ನಂ ಎಂದು ಆರಂಭಿಸಿ ಸೊಲ್ಲುಕಟ್ಟುಗಳನ್ನು ಹೇಳಿಸುವರು. ಆದಿತಾಳದ ಎಂಟು ಎಣಿಕೆಗಳಲ್ಲಿ ಒಂದೊಂದಕ್ಕೆ ನಾಲ್ಕು ಅಕ್ಷರದಂತೆ ಒಟ್ಟು 32 ಅಕ್ಷರಗಳು. ತ-ದಿ-ಗಿ-ಣ-ತೊಂ ಎಂಬುದು ಐದಕ್ಷರ. ಅದನ್ನು ಮೂರು ಸಲ ನುಡಿಸಿ ಸರಿಯಾಗಿ ಸಮಕ್ಕೆ ಬರಬೇಕಾದರೆ ಹದಿನೇಳು ಅಕ್ಷರಗಳನ್ನು ಬಿಟ್ಟು ಹದಿನೆಂಟನೆಯದರಲ್ಲಿ ಹಿಡಿಯಬೇಕು. ಈ ಲೆಕ್ಕವನ್ನು ಬಾಲಕನು ಕಾಗದವಿಲ್ಲದೆ, ಗಾಯಕನ ಹಾಡನ್ನು ಕೇಳುತ್ತ, ಕೈ ನಿಲ್ಲಿಸದೆ ಮಾಡುವನು. ಏಕಾಗ್ರತೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದಿದ್ದೀತು?

ಹೊರಗಿನವರು ಇದರ ಬೆಲೆಯನ್ನು ಚೆನ್ನಾಗಿ ಅರಿತರು. “ವಿಶ್ವಸಂಗೀತ” ಎಂಬರ್ಥದ ಇಂಗ್ಲಿಷ್ ಹೆಸರನ್ನು 1960ರ ದಶಕದ ಆರಂಭದಲ್ಲಿ ವಿದ್ಯಾಲಯಗಳ ಬಳಕೆಗೆ ತಂದ ಕೀರ್ತಿ ಅಮೆರಿಕದ ರಾಬರ್ಟ್ ಬ್ರೌನ್ ಎಂಬವರಿಗೆ ಸಲ್ಲುತ್ತದೆ. ಅವರು 1965ರಲ್ಲಿ ಡಾಕ್ಟರ್ ಪದವಿಗೆ ಬರೆದ ಮಹಾಪ್ರಬಂಧದ ವಿಷಯ ನಮ್ಮ ಮೃದಂಗವೇ. ಅವರು ಬೋಧಿಸುತ್ತಿದ್ದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಮೃದಂಗ ವಿದ್ವಾಂಸರಾದ ಟಿ. ರಂಗನಾಥನ್ ಅವರು ಅನೇಕ ವರ್ಷ ಪಾಠ ಹೇಳಿದರು. ಆ ದೇಶದ ಸಮುದಾಯ ಕಾಲೇಜುಗಳಲ್ಲಿಯೂ ಊರಿನ ಸಾಮಾನ್ಯ ಜನರು, ವಯಸ್ಸಾದವರು ಸಹ, ಕೈವಾದ್ಯಗಳನ್ನು ಕಲಿಯುವುದುಂಟು. ನಮ್ಮ ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ತಾಳವಾದ್ಯಗಳಿಗೆಂದೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕಲಾವಿದರು ಗಾಯಕಿ ಆರ್. ಎ. ರಮಾಮಣಿಯವರೊಡಗೂಡಿ ಚಾರ್ಲಿ ಮರಿಯಾನೋ ಎಂಬ ಸ್ಯಾಕ್ಸೊಫೋನ್ ವಾದಕರೊಡನೆ ನುಡಿಸಿದ “ಜ್ಯೋತಿ” ಎಂಬ ಧ್ವನಿಮುದ್ರಿಕೆ 1983ರಲ್ಲಿ ಯೂರೋಪಿನಲ್ಲಿ ಹೊರಬಂದಿತು.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಸಂಸ್ಕೃತದಲ್ಲಿ “ಲೋಕ” ಎಂಬ ಶಬ್ದಕ್ಕೆ ಪ್ರಪಂಚವೆಂಬ ಅರ್ಥವೂ ಜನವೆಂಬ ಅರ್ಥವೂ ಉಂಟು. ದೂರದ ಪ್ರಪಂಚದ ವಾದ್ಯಕ್ಕೆ ಕಿವಿಗೊಟ್ಟು, ಪಕ್ಕದ ಕೇರಿಯ ಜನರ ವಾದ್ಯಕ್ಕೆ ಕಿವುಡಾದರೆ ಅದು ಲೋಕಸಂಗೀತವಾಗಲಾರದು. ನಮ್ಮ ಹಳ್ಳಿಗಳಲ್ಲಿ ಪೂಜಾಕುಣಿತಕ್ಕೂ ದೇವರ ಉತ್ಸವಕ್ಕೂ ತಮಟೆಯಿಲ್ಲದೆ ನಡೆಯದು. ಅದನ್ನು ಕೋಲಿನಿಂದ ನುಡಿಸುವುದು ನಿಜ. ಆದರೆ ಹುಲ್ಲಿನ ಬೆಂಕಿಗೆ ಕಾಯಿಸಿ ಬಿಗಿ ತರುವ ಆ ಕೈಗೆ ಗೊತ್ತಿರುವುದು ಸ್ವಾತಿಮುನಿ ಕೇಳಿದ ನಾದಭೇದವೇ. ಆ ವಾದ್ಯವನ್ನು ದೇವರ ಮುಂದೆ ಬೇಕೆಂದು ಕರೆಸಿದೆವು; ನುಡಿಸಿದವನನ್ನು ಮಾತ್ರ ಗುಡಿಯ ಹೊರಗೆ ನಿಲ್ಲಿಸಿದೆವು. ಬಿಟ್ಟಿಯ ಕಸುಬಾಗಿ ಬಂದ ತಮಟೆಯನ್ನು ಇನ್ನು ಮುಟ್ಟುವುದಿಲ್ಲವೆಂದು ಆ ಮನೆಗಳ ಯುವಕರು ಹೇಳಿದರೆ ಅದು ನ್ಯಾಯವೇ. ಆ ವಿದ್ಯೆ ಉಳಿಯಬೇಕಾದರೆ ಎಲ್ಲ ಕೇರಿಯ ಮಕ್ಕಳೂ ಕಲಿಯಬೇಕು. ಬಲ್ಲವನನ್ನು ಗುರುಪೀಠದಲ್ಲಿ ಕುಳ್ಳಿರಿಸಿ, ಸಂಬಳ ಕೊಟ್ಟು, ನಮಸ್ಕರಿಸಿ ಕಲಿಯಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ದೇಶವು ಮಾಡಿದ ಮನ್ನಣೆಯನ್ನು ಊರು ಮಾಡಲು ತಡವೇಕೆ?

ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಘಟವಾದ್ಯ ಹೆಂಗಸರ ಕೈಗೆ ಕಠಿನವೆಂಬ ಮಾತನ್ನು ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ತಮ್ಮ ಸಾಧನೆಯಿಂದಲೇ ಸುಳ್ಳು ಮಾಡಿದ್ದಾರೆ.

ನಮಗೆ ಅನುಕೂಲವೇನೂ ಕಡಮೆಯಲ್ಲ. ಮೈಸೂರು ನಮಗೆ ರೈಲಿನ ದಾರಿಯಲ್ಲಿಯೇ ಇದೆ. ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವೂ ಅಲ್ಲಿದೆ. ಕಲಿತವರೆಲ್ಲ ವಿದ್ವಾಂಸರಾಗಬೇಕಾಗಿಲ್ಲ, ಗಣಿತ ಕಲಿತವರೆಲ್ಲ ಭಾಸ್ಕರಾಚಾರ್ಯರಾದರೆ? ಇತರರ ಧ್ವನಿಯನ್ನು ಕೇಳಿ ತನ್ನ ಕೈಯನ್ನು ತಡೆದುಕೊಳ್ಳುವ ಸಂಯಮ ಬಂದರೆ, ಅದು ಯಾವ ಉದ್ಯೋಗದಲ್ಲಿಯೂ ವ್ಯರ್ಥವಾಗದು. ಆದಕಾರಣ, ಮನೆಯ ಮಗು ಮಣೆಯ ಮೇಲೆ ಬೆರಳಾಡಿಸಿದಾಗ ಗದರಿಸುವುದಕ್ಕೆ ಮುಂಚೆ, ಗೃಹಸ್ಥರು ಒಂದು ಆವರ್ತ ತಾಳ ಹಾಕಿ ನೋಡಲಿ; ಲೆಕ್ಕ ಸರಿಹೋದರೆ ಗುರುವನ್ನು ಹುಡುಕಲಿ.