ನಾಯಿಗೆ ತರಬೇತಿ ಕೊಡಿಸುವ ಮುನ್ನ: ತಕ್ಕ ತರಬೇತುದಾರನನ್ನು ಆರಿಸುವುದು ಹೇಗೆ?

ಪುಲ್ಪಳ್ಳಿ ಕಡೆಯ ಕೃಷಿಕರ ಮನೆಗಳಲ್ಲಿ ನಾಯಿ ಶೋಕಿಗಾಗಿ ಸಾಕುವ ಪ್ರಾಣಿಯಲ್ಲ. ಹಟ್ಟಿಯಲ್ಲಿ ಹಸು, ಆಡು, ಕೋಳಿ, ಅಂಗಳದಲ್ಲಿ ಒಣಗಲು ಹಾಕಿದ ಕಾಫಿ, ಕರಿಮೆಣಸು, ತೋಟದಾಚೆ ಕಾಡು. ಇವೆಲ್ಲಕ್ಕೂ ರಾತ್ರಿಯ ಕಾವಲುಗಾರ ಅದೇ. ಆದರೆ ಆ ನಾಯಿಯೇ ಬೆಳಗ್ಗೆ ಹಾಲು ಕೊಂಡೊಯ್ಯುವವರನ್ನು, ಕಾಫಿ ಕೊಯ್ಲಿಗೆ ಬರುವ ಕೆಲಸದವರನ್ನು, ಶಾಲೆಗೆ ಹೋಗುವ ಮಕ್ಕಳನ್ನು ಕಚ್ಚತೊಡಗಿದರೆ ಕಾವಲೇ ಕಂಟಕವಾಗುತ್ತದೆ. ಹಣ ಪಡೆದು ನಾಯಿಗಳಿಗೆ ತರಬೇತಿ ನೀಡುವವರು ಈಗ ಪೇಟೆಗಳಲ್ಲಿ ಸಿಗುತ್ತಾರೆ. ಅವರಲ್ಲಿ ಸಮರ್ಥರು ಯಾರು, ಕೇವಲ ಬಾಯಿಮಾತಿನವರು ಯಾರು ಎಂದು ತಿಳಿಯುವುದು ಹೇಗೆ? ಈ ಸಲ ನಾವು ಅದನ್ನೇ ವಿಚಾರ ಮಾಡೋಣ.

ಮೊದಲು ಪಶುವೈದ್ಯರಲ್ಲಿಗೆ

ಶಾಂತವಾಗಿದ್ದ ನಾಯಿ ಒಮ್ಮೆಲೇ ಗುರುಗುಟ್ಟಲು, ಕಚ್ಚಲು ತೊಡಗಿದರೆ ಅದಕ್ಕೆ ಕಾರಣ ನೋವೂ ಇರಬಹುದು. ಕಿವಿಯ ಹುಣ್ಣು, ಹಲ್ಲುನೋವು, ಮೂಳೆಯ ನೋವು, ಮೈತುಂಬ ಉಣ್ಣಿ, ಇವುಗಳಲ್ಲಿ ಯಾವುದಿದ್ದರೂ ನಾಯಿಯ ಸ್ವಭಾವ ಕೆಡುತ್ತದೆ. ಇಂಥ ನಾಯಿಗೆ ಬೇಕಾದದ್ದು ಔಷಧಿಯೇ ಹೊರತು ತರಬೇತಿಯಲ್ಲ. ಆದುದರಿಂದ ಮೊದಲು ಹತ್ತಿರದ ಸರಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಬೇಕು. ನಮ್ಮ ಜಿಲ್ಲೆಯ ಪೂಕೋಡಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ; ಹೆಚ್ಚಿನ ತಪಾಸಣೆ ಬೇಕಾದಾಗ ಇದನ್ನು ನೆನಪಿಡಬಹುದು.

ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಯೂ ಸಿಡುಕಿನದಾಗುತ್ತದೆ. ದಿನಕ್ಕೆ ಎರಡು ಹೊತ್ತು ನಡೆದಾಟ, ಹೊತ್ತಿಗೆ ಸರಿಯಾಗಿ ಆಹಾರ, ನೆರಳು, ಶುದ್ಧ ನೀರು ಇಷ್ಟನ್ನು ಒದಗಿಸಿದರೆ ಎಷ್ಟೋ ನಾಯಿಗಳ ಸ್ವಭಾವ ತಾನಾಗಿಯೇ ಸುಧಾರಿಸುತ್ತದೆ. ಇವೆಲ್ಲ ಮಾಡಿಯೂ ತೊಂದರೆ ಉಳಿದರೆ ತರಬೇತುದಾರನನ್ನು ಹುಡುಕುವುದು ಸರಿ.

ನಮಗೆ ಬೇಕಾದದ್ದೇನು?

ತರಬೇತುದಾರನ ಬಳಿ ಹೋಗುವ ಮೊದಲೇ ನಾಯಿ ಏನು ಕಲಿಯಬೇಕೆಂದು ಮನೆಯವರೆಲ್ಲ ಕುಳಿತು ನಿಶ್ಚಯಿಸಬೇಕು. ನಮ್ಮಂಥ ಕಾಡಂಚಿನ ಊರುಗಳಿಗೆ ಮುಖ್ಯವಾದವು ಇವು:

1. ಕರೆದ ಕೂಡಲೇ ಹಿಂದಿರುಗಿ ಬರುವುದು.
2. ಕಾಡುಹಂದಿ, ಜಿಂಕೆ, ಆನೆಗಳ ಹಿಂದೆ ಓಡದೆ ಅಂಗಳದಲ್ಲೇ ನಿಂತು ಬೊಗಳುವುದು.
3. ಮನೆಯವರು ಬರಮಾಡಿಕೊಂಡ ಕೆಲಸದವರ, ಅತಿಥಿಗಳ ಮೈಮೇಲೆ ಹಾರದಿರುವುದು.
4. ಹಸು, ಆಡು, ಕೋಳಿಗಳನ್ನು ಅಟ್ಟದಿರುವುದು.
5. ವೈದ್ಯರು ಮುಟ್ಟಿ ಪರೀಕ್ಷಿಸಲು, ಚುಚ್ಚುಮದ್ದು ಹಾಕಲು ಬಿಡುವುದು.

ಇವುಗಳಲ್ಲಿ ಮೊದಲ ಎರಡು ಪ್ರಾಣದ ಪ್ರಶ್ನೆ. ಆನೆಯನ್ನೋ ಹಂದಿಯನ್ನೋ ಕೆಣಕಿದ ನಾಯಿ ಹೆದರಿ ಓಡಿಬರುವುದು ಯಜಮಾನನ ಕಡೆಗೇ. ಅದರ ಬೆನ್ನ ಹಿಂದೆ ಆ ಮೃಗವೂ ಬರುತ್ತದೆ. 2025ರ ಜನವರಿಯಲ್ಲಿ ನಮ್ಮ ಅಮರಕ್ಕುನಿ ಪರಿಸರದಲ್ಲಿ ಹುಲಿಯೊಂದು ಹಲವು ಆಡುಗಳನ್ನು ಕೊಂದು, ಕೊನೆಗೆ ಅರಣ್ಯ ಇಲಾಖೆಯ ಬೋನಿಗೆ ಬಿದ್ದುದನ್ನು ಯಾರೂ ಮರೆತಿಲ್ಲ. ಚಿರತೆಗಂತೂ ನಾಯಿಯೇ ಸುಲಭದ ಬೇಟೆ. ‘ನಾವು ತರಬೇತಿ ಕೊಟ್ಟ ನಾಯಿ ಇದ್ದರೆ ಹುಲಿ, ಚಿರತೆ ಹತ್ತಿರ ಸುಳಿಯದು’ ಎನ್ನುವವನ ಮಾತನ್ನು ನಂಬಬಾರದು. ಪ್ರಾಮಾಣಿಕ ತರಬೇತುದಾರನಾದರೆ, ರಾತ್ರಿ ನಾಯಿಯನ್ನು ಬಯಲಿನಲ್ಲಿ ಸರಪಳಿಗೆ ಕಟ್ಟದೆ ಗಟ್ಟಿಯಾದ ಗೂಡಿನೊಳಗೆ ಬಿಡಿ ಎಂದು ತಾನೇ ಹೇಳುತ್ತಾನೆ.

ಬೋರ್ಡು ನೋಡಿ ಮೋಸಹೋಗಬೇಡಿ

ನಮ್ಮ ದೇಶದಲ್ಲಿ ನಾಯಿ ತರಬೇತುದಾರನಾಗಲು ಕಾನೂನಿನ ಪ್ರಕಾರ ಇಂಥದೇ ಪರೀಕ್ಷೆ ಪಾಸಾಗಬೇಕೆಂಬ ಕಡ್ಡಾಯವಿಲ್ಲ. ಯಾರು ಬೇಕಾದರೂ ಬೋರ್ಡು ತೂಗುಹಾಕಬಹುದು. ಗೋಡೆಯ ಮೇಲಿನ ಪ್ರಮಾಣಪತ್ರ, ಪ್ರದರ್ಶನಗಳಲ್ಲಿ ಗೆದ್ದ ಕಪ್ಪುಗಳು ಒಳ್ಳೆಯವೇ. ಆದರೆ ಅವಷ್ಟೇ ಸಾಲವು. ಪೊಲೀಸು ಅಥವಾ ಸೈನ್ಯದ ಶ್ವಾನದಳದಲ್ಲಿ ದುಡಿದು ನಿವೃತ್ತರಾದವರಿಗೆ ಅನುಭವ ಹೆಚ್ಚು ಎಂಬುದು ನಿಜ. ಆದರೂ ವಾಸನೆ ಹಿಡಿಯುವ ಪೊಲೀಸು ನಾಯಿಯ ಕೆಲಸವೇ ಬೇರೆ, ಮಕ್ಕಳಿರುವ ಕೃಷಿಕನ ಮನೆಯ ನಾಯಿಯ ಕೆಲಸವೇ ಬೇರೆ. ಇಂಥ ಮನೆನಾಯಿಗಳನ್ನು ಅವರು ಎಷ್ಟರಮಟ್ಟಿಗೆ ತಿದ್ದಿದ್ದಾರೆ ಎಂದು ಕೇಳಬೇಕು.

ಹಿಂದೆ ಅವರಲ್ಲಿ ನಾಯಿಯನ್ನು ಕಳುಹಿಸಿದ ಎರಡು ಮೂರು ಮನೆಗಳಿಗೆ ಹೋಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ತರಬೇತಿ ಮುಗಿದು ಆರು ತಿಂಗಳಾದ ಮೇಲೂ ನಾಯಿ ಮನೆಯವರ ಮಾತು ಕೇಳುತ್ತದೆಯೇ? ಅವರನ್ನು ಕಂಡಾಗ ಬಾಲ ಆಡಿಸುತ್ತದೆಯೇ, ಇಲ್ಲ ಬಾಲ ಮುದುಡಿ ಮೂಲೆ ಸೇರುತ್ತದೆಯೇ? ಇದನ್ನು ಕಣ್ಣಾರೆ ಕಂಡು ನಿರ್ಧರಿಸಬೇಕು.

ಹೊಡೆತವೋ, ಬಹುಮಾನವೋ?

‘ದಂಡಂ ದಶಗುಣಂ’ ಎಂಬ ಮಾತನ್ನು ನಾಯಿಯ ವಿಷಯದಲ್ಲಿ ಇಂದಿಗೂ ನಂಬುವವರಿದ್ದಾರೆ. ಮುಳ್ಳಿನ ಪಟ್ಟಿ, ಉಸಿರು ಬಿಗಿಯುವ ಸರಪಳಿ, ವಿದ್ಯುತ್ ಶಾಕ್ ಕೊಡುವ ಬೆಲ್ಟು, ಉಪವಾಸ, ಬೆತ್ತ ಇವೆಲ್ಲ ಕೆಲವರ ಆಯುಧಗಳು. ಇವುಗಳಿಂದ ನಾಯಿ ಬೇಗ ಅಡಗಿದಂತೆ ಕಾಣುವುದು ಸುಳ್ಳಲ್ಲ. ಆದರೆ ಅದು ಕಲಿತದ್ದು ಪಾಠವಲ್ಲ, ಭಯ.

ಪೋರ್ಚುಗಲ್ ದೇಶದಲ್ಲಿ 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಿಕ್ಷೆಯಿಂದ ಕಲಿಸುವ ಶಾಲೆಗಳ ನಾಯಿಗಳು ಬಹುಮಾನ ಕೊಟ್ಟು ಕಲಿಸುವ ಶಾಲೆಗಳ ನಾಯಿಗಳಿಗಿಂತ ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು. ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರಮಾಣವೂ ಏರಿತ್ತು. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘವು 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನದ ಕ್ರಮವನ್ನೇ ಬಳಸಬೇಕೆಂದು ಸಲಹೆ ಮಾಡಿತು.

ಇದರ ಹಿಂದಿನ ಕಾರಣ ಸರಳ. ನಾಯಿ ಗುರುಗುಟ್ಟುವುದು ಎಚ್ಚರಿಕೆ: ‘ನನಗೆ ಭಯವಾಗಿದೆ, ದೂರ ಸರಿ’ ಎಂದು ಅದರ ಅರ್ಥ. ಗುರುಗುಟ್ಟಿದಾಗಲೆಲ್ಲ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಭಯ ಮಾತ್ರ ಒಳಗೇ ಉಳಿಯುತ್ತದೆ. ಅಂಥ ನಾಯಿ ಮುಂದೊಂದು ದಿನ ಯಾವ ಸೂಚನೆಯೂ ಇಲ್ಲದೆ ನೇರವಾಗಿ ಕಚ್ಚುತ್ತದೆ. ಕಚ್ಚಿಸಿಕೊಳ್ಳುವುದು ಹೊಡೆದ ತರಬೇತುದಾರನಲ್ಲ, ಮನೆಯ ಮಗು.

ಬಹುಮಾನದ ಕ್ರಮವೆಂದರೆ ಮುದ್ದು ಮಾಡಿ ಕೆಡಿಸುವುದಲ್ಲ. ನಾಯಿ ಸರಿಯಾದುದನ್ನು ಮಾಡಿದ ಕ್ಷಣದಲ್ಲೇ ಮೀನಿನ ತುಣುಕನ್ನೋ ಬೇಯಿಸಿದ ಕೋಳಿಯ ಚೂರನ್ನೋ ಕೊಟ್ಟು ಮೆಚ್ಚಬೇಕು; ತಪ್ಪು ಮಾಡಿದಾಗ ಬಹುಮಾನವಿಲ್ಲ. ಒಂದು ನಿಮಿಷ ತಡವಾದರೂ ಯಾವುದಕ್ಕಾಗಿ ಸಿಕ್ಕಿತೆಂದು ಅದಕ್ಕೆ ತಿಳಿಯದು. ಈ ಸಮಯಪ್ರಜ್ಞೆ ಇರುವವನೇ ಸಮರ್ಥ ತರಬೇತುದಾರ.

ಕೇಳಬೇಕಾದ ಪ್ರಶ್ನೆಗಳು

1. ನಾಯಿ ಸರಿಯಾಗಿ ಮಾಡಿದರೆ ಏನು ಮಾಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? (ಎರಡನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಅನುಮಾನಿಸಬೇಕು.)
2. ತರಬೇತಿ ನಡೆಯುವಾಗ ನಾವು ನಿಂತು ನೋಡಬಹುದೇ? (‘ಮನೆಯವರು ಬರಬಾರದು’ ಎನ್ನುವವನ ಬಳಿ ನಾಯಿಯನ್ನು ಬಿಡಬೇಡಿ.)
3. ಮನೆಯವರಿಗೆ ಎಷ್ಟು ದಿನ ಕಲಿಸುತ್ತೀರಿ?
4. ನಾಯಿಗಳಿಗೆ ಚುಚ್ಚುಮದ್ದು ಆಗಿರುವ ದಾಖಲೆಯನ್ನು ಕೇಳುತ್ತೀರಾ? (ಕೇಳದವನ ಗೂಡಿನಲ್ಲಿ ಪಾರ್ವೋ, ಡಿಸ್ಟೆಂಪರ್ ರೋಗಗಳು ಹರಡುವ ಅಪಾಯವಿದೆ.)
5. ನಿಮ್ಮಿಂದ ಆಗದ ಕೆಲಸವಿದ್ದರೆ ಯಾರಲ್ಲಿಗೆ ಕಳುಹಿಸುತ್ತೀರಿ?

‘ಹದಿನೈದು ದಿನಗಳಲ್ಲಿ ಪೂರ್ಣ ಗ್ಯಾರಂಟಿ’ ಎನ್ನುವವರಿಂದ ದೂರವಿರುವುದು ಲೇಸು. ಜೀವವಿರುವ ಪ್ರಾಣಿಗೆ ಪಂಪ್‌ಸೆಟ್ಟಿನಂತೆ ಗ್ಯಾರಂಟಿ ಕೊಡಲಾಗದು. ಒಪ್ಪಿದ ಹಣ, ದಿನಗಳು, ಕಲಿಸುವ ವಿಷಯಗಳನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಪೂರ್ತಿ ಹಣವನ್ನು ಮುಂಗಡ ಕೊಡಬಾರದು.

ದೂರ ಕಳುಹಿಸಬೇಕೇ?

ನಾಯಿಯನ್ನು ಒಂದೆರಡು ತಿಂಗಳು ತರಬೇತುದಾರನ ಸ್ಥಳದಲ್ಲೇ ಬಿಟ್ಟುಬರುವುದು ಸುಲಭವೆಂದು ಹಲವರಿಗೆ ತೋರುತ್ತದೆ. ಆದರೆ ಅಲ್ಲಿ ಕಲಿತ ನಾಯಿ ಕಲಿಸಿದವನ ಮಾತನ್ನಷ್ಟೇ ಕೇಳಿ, ಮನೆಗೆ ಬಂದ ಮೇಲೆ ಹಳೆಯ ಚಾಳಿಗೇ ಮರಳುವುದುಂಟು.

ತೃಶ್ಶೂರಿನ ಕೇರಳ ಪೊಲೀಸ್ ಅಕಾಡೆಮಿಯಲ್ಲಿ ನಾಯಿಯೊಂದಿಗೆ ಅದನ್ನು ನೋಡಿಕೊಳ್ಳುವ ಪೊಲೀಸರೂ ತಿಂಗಳುಗಟ್ಟಲೆ ಜೊತೆಯಾಗಿ ತರಬೇತಿ ಪಡೆಯುತ್ತಾರೆ. 2024ರ ಜುಲೈ 30ರಂದು ಮುಂಡಕ್ಕೈ–ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿಯ ದೇಹಗಳನ್ನು ಹುಡುಕಿಕೊಟ್ಟ ಮಾಯಾ ಮತ್ತು ಮರ್ಫಿ ಎಂಬ ನಾಯಿಗಳನ್ನು ನಾವು ಬಲ್ಲೆವು. ಅವುಗಳ ಜೊತೆಗೆ ಹೆಜ್ಜೆಹೆಜ್ಜೆಗೂ ಅವುಗಳ ಪಾಲಕರಿದ್ದರು. ಗಡಿಯಾಚೆ ಬಂಡೀಪುರದಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ರಾಣಾ ಎಂಬ ನಾಯಿ ಹೆಸರು ಗಳಿಸಿದ್ದೂ ಪಾಲಕನ ಜೊತೆಗೂಡಿಯೇ. ಅಷ್ಟು ಚುರುಕಾದ ನಾಯಿಗಳಿಗೇ ಒಡನಾಡಿ ಬೇಕಾದರೆ, ನಮ್ಮ ಮನೆನಾಯಿಯ ಮಾತೇನು? ಆದುದರಿಂದ ಮನೆಗೇ ಬಂದು, ಮನೆಯವರಿಗೂ ನಾಯಿಗೂ ಒಟ್ಟಿಗೆ ಕಲಿಸುವವರು ಸಿಕ್ಕಿದರೆ ಅವರನ್ನೇ ಆರಿಸಬೇಕು. ಅಪ್ಪ ‘ಬಾ’ ಎನ್ನುವುದು, ಮಗ ಬೇರೆ ಶಬ್ದದಿಂದ ಕರೆಯುವುದು ಆಗಬಾರದು. ಎಲ್ಲರದೂ ಒಂದೇ ಮಾತಾಗಿರಲಿ.

ಮರಿಗೆ 3 ವಾರ ತುಂಬಿದಲ್ಲಿಂದ ಸುಮಾರು 14 ವಾರಗಳವರೆಗಿನ ಕಾಲ ಬಹು ಮುಖ್ಯ. ಈ ಅವಧಿಯಲ್ಲಿ ಮಕ್ಕಳು, ಅಪರಿಚಿತರು, ಹಸು, ಕೋಳಿ, ಜೀಪಿನ ಸದ್ದು ಇವನ್ನೆಲ್ಲ ಭಯವಿಲ್ಲದೆ ಪರಿಚಯ ಮಾಡಿಕೊಂಡ ಮರಿಗೆ ಮುಂದೆ ತರಬೇತುದಾರನ ಅಗತ್ಯವೇ ಬೀಳದಿರಬಹುದು.

‘ಕಚ್ಚುವ ತರಬೇತಿ’ ಬೇಡ

ಕಳ್ಳರ ಭಯದಿಂದ ಕೆಲವರು ನಾಯಿಗೆ ಆಕ್ರಮಣ ಕಲಿಸಲು ಹೇಳುತ್ತಾರೆ. ನಾಯಿಗೆ ಕಳ್ಳನೂ ಅಂಚೆಯವನೂ ಒಂದೇ. ಅಪಾಯ ತಪ್ಪಿಸಲು ತಕ್ಕ ಎಚ್ಚರ ವಹಿಸದ ಯಜಮಾನನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೊಗಳಿ ಎಚ್ಚರಿಸುವ ನಾಯಿ ನಮಗೆ ಸಾಕು.

ಆರೋಗ್ಯದ ಎಚ್ಚರಿಕೆ

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಮೊದಲ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಪಂಚಾಯಿತಿಯ ಪರವಾನಗಿಗೂ ಈ ದಾಖಲೆ ಬೇಕು. ತರಬೇತಿಯ ವೇಳೆಯಲ್ಲಾಗಲಿ ಬೇರೆ ಯಾವಾಗಲೇ ಆಗಲಿ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಸಿನ, ಸುಣ್ಣ, ಕಾಫಿಪುಡಿ ಹಚ್ಚಬಾರದು. ‘ನಮ್ಮದೇ ನಾಯಿ’ ಎಂದು ಸುಮ್ಮನಿರಲೂಬಾರದು. ಈ ರೋಗದ ಲಕ್ಷಣ ಕಂಡ ಮೇಲೆ ಬದುಕುವುದು ಬಹಳ ಅಪರೂಪ.

ಕಾಡಿಗೆ ಹೋಗಿಬರುವ ನಾಯಿಯ ಮೈಮೇಲೆ ಉಣ್ಣಿಗಳೂ ಬರುತ್ತವೆ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ನಾಯಿ ಅಂಗಳದಲ್ಲೇ ಉಳಿಯಲು ಕಲಿತರೆ ಈ ತೊಂದರೆಯೂ ಕಡಿಮೆಯಾದೀತು.

ತರಬೇತುದಾರ ಕೆಲವು ವಾರ ಮಾತ್ರ ಇರುತ್ತಾನೆ; ನಾಯಿ ಹತ್ತು ಹನ್ನೆರಡು ವರ್ಷ ನಮ್ಮೊಂದಿಗಿರುತ್ತದೆ. ಅವನು ಹೋದ ಮೇಲೆ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಅಭ್ಯಾಸ ಮಾಡಿಸುವವರು ಮನೆಯಲ್ಲಿ ಯಾರು ಎಂದು ಮೊದಲೇ ನಿಶ್ಚಯಿಸಿ, ಆಮೇಲೆ ಹಣ ಕೊಡಿ.