ಅಂಜುವ ಹೆಬ್ಬಾವಿನ ಮರಿ

ಹೆಬ್ಬಾವು ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ನಹುಷನ ಕಥೆ. ಅಗಸ್ತ್ಯರ ಶಾಪದಿಂದ ಅಜಗರವಾಗಿ ಕಾಡಿನಲ್ಲಿ ಬಿದ್ದಿದ್ದ ಆ ರಾಜನು ಭೀಮನಂಥ ಭೀಮನನ್ನೇ ಸುತ್ತಿಕೊಂಡು ಅಲುಗಾಡದಂತೆ ಮಾಡಿಬಿಟ್ಟನಂತೆ. ಇಂಥ ಪ್ರಾಣಿಗೆ ಮನುಷ್ಯನು ಅಂಜಬೇಕೇ ಹೊರತು ಅದು ಮನುಷ್ಯನಿಗೆ ಅಂಜುವುದುಂಟೆ ಎಂದು ನೀವು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು.

2023ನೆಯ ಇಸವಿಯ ಬೇಸಗೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆರು ವಾರಗಳನ್ನು ಕಳೆಯುವ ಸಂದರ್ಭ ನಮಗೊದಗಿತು. ಹಿಂದೆ ಚೆನ್ನೈಯಲ್ಲಿ ನಮ್ಮ ಬಳಿ ಕನ್ನಡ ಕಲಿತ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಸಂಸಾರ ಹೂಡಿದ್ದಾಳೆ. ಆಕೆಯ ಮನೆಯೇ ನಮ್ಮ ಬಿಡಾರ. ಬಾಗಿಲಲ್ಲಿಯೇ ಆಕೆ ನಮ್ಮನ್ನು ತಡೆದು, “ಮೇಷ್ಟ್ರೇ, ಒಳಗೆ ಬರುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ, ತಾವು ಬೇಸರ ಮಾಡಿಕೊಳ್ಳಬಾರದು. ಮನೆಯಲ್ಲಿ ಒಂದು ಹಾವಿದೆ” ಎಂದಳು. ನಾವು ಬೇಸರ ಪಡಲಿಲ್ಲ; ಆದರೆ ಪಾದರಕ್ಷೆಯನ್ನು ಬಿಚ್ಚಲು ಸ್ವಲ್ಪ ಹೆಚ್ಚಿನ ಸಮಯವನ್ನು ತೆಗೆದುಕೊಂಡೆವೆಂದು ಒಪ್ಪಿಕೊಳ್ಳಬೇಕು.

ಹಾವು ಆಕೆಯ ಹತ್ತು ವರ್ಷದ ಮಗನದು. ಆ ದೇಶದ 2006ರ ಪ್ರಾಣಿಕ್ಷೇಮ ಶಾಸನದ ಮೇರೆಗೆ 16 ವರ್ಷ ತುಂಬದವರಿಗೆ ಪ್ರಾಣಿಗಳನ್ನು ಮಾರುವಂತಿಲ್ಲವಾದ್ದರಿಂದ ತಂದೆಯೇ ಅದನ್ನು ಕೊಂಡುತಂದಿದ್ದನು. ತಂದ ದಿನವೇ ಹುಡುಗನು ತನ್ನ ಐದಾರು ಮಂದಿ ಗೆಳೆಯರನ್ನು ಕರೆದನು. ಹಾವಿನ ಮರಿಯು ಕೈಯಿಂದ ಕೈಗೆ ಹೋಯಿತು. ಮರುದಿನವೂ ಹಾಗೆಯೇ. ದಿನವೂ ಎತ್ತಿಕೊಂಡರೆ ತಾನಾಗಿ ಹೊಂದಿಕೊಳ್ಳುತ್ತದೆಂದು ಮಾರಿದ ಅಂಗಡಿಯವನೇ ಹೇಳಿದ್ದನಂತೆ. ನಾವು ಹೋದ ವೇಳೆಗೆ ಮೂರು ವಾರಗಳಾಗಿದ್ದುವು. ಮರಿಯು ಅಷ್ಟು ದಿನವೂ ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಬುಸುಗುಟ್ಟುವುದು. ಕೈ ಕಂಡರೆ ಹಾರಿ ಬರುವುದು. ಇಲ್ಲವೇ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಂಡು ಕಲ್ಲಾಗಿ ಬಿಡುವುದು. ಹುಡುಗನು ಅತ್ತಿದ್ದನು. ಈ ಬೇಸಗೆಯೊಳಗೆ ಅದು ಸರಿಹೋಗದಿದ್ದರೆ ಬೇರೆ ಯಾರಿಗಾದರೂ ಕೊಟ್ಟುಬಿಡುವುದೆಂದು ತಾಯಿ ತೀರ್ಮಾನಿಸಿದ್ದಳು.

ಈ ಜಾತಿಯ ಹಾವನ್ನು ಇಂಗ್ಲಿಷರು ರಾಯಲ್ ಪೈಥಾನ್ ಎಂದೂ ಅಮೆರಿಕದವರು ಬಾಲ್ ಪೈಥಾನ್ ಎಂದೂ ಕರೆಯುತ್ತಾರೆ. ಚೆಂಡಿನಂತೆ ಸುತ್ತಿಕೊಳ್ಳುವ ಅಭ್ಯಾಸದಿಂದಲೇ ಅಮೆರಿಕದ ಹೆಸರು. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ. ನಮ್ಮ ನಾಡಿನ ಹೆಬ್ಬಾವಿನ ಮುಂದೆ ಇದು ಕುಳ್ಳು. ಬೆಳೆದ ಹಾವು ಸಾಮಾನ್ಯವಾಗಿ ಮೂರು ನಾಲ್ಕು ಅಡಿ, ಹೆಚ್ಚೆಂದರೆ ಐದಾರು ಅಡಿ. ಕಂದು ಬಣ್ಣದ ಮೈಮೇಲೆ ಕಪ್ಪು ಪಟ್ಟೆಗಳು. ವಿಷವಿಲ್ಲ. ಆದರೆ ಆಯುಸ್ಸು ದೀರ್ಘ. ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು ಹಾವು 2020ರ ಜುಲೈಯಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಏಳು ಮೊಟ್ಟೆಗಳನ್ನಿಟ್ಟಿತು! ಅದಕ್ಕೆ ಹಿಂದೆ ಹದಿನೈದು ವರ್ಷಗಳಿಗೂ ಮಿಕ್ಕಿ ಅದು ಗಂಡು ಹಾವಿನ ಮುಖವನ್ನೇ ಕಂಡಿರಲಿಲ್ಲ. ಹತ್ತರ ವಯಸ್ಸಿನಲ್ಲಿ ಹಾವನ್ನು ಕೊಂಡ ಹುಡುಗನಿಗೆ ಮೀಸೆ ನರೆಯುವವರೆಗೂ ಅದು ಜೊತೆಗಿದ್ದೀತು. ಅಂಗಡಿಯಲ್ಲಿ ನಿಂತು ಬೆಲೆ ಕೇಳುವಾಗ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ.

ಬೆನಿನ್ ದೇಶದ ವೀಡಾ ಎಂಬ ಪಟ್ಟಣದಲ್ಲಿ ಇದೇ ಜಾತಿಯ ಹಾವುಗಳಿಗೆ ಒಂದು ದೇವಾಲಯವಿದೆ. ಅದರ ಎದುರಿಗೇ ಕ್ರೈಸ್ತರ ದೊಡ್ಡ ಇಗರ್ಜಿ. ಗುಡಿಯ ಹಾವುಗಳು ಊರಿನಲ್ಲಿ ಸುತ್ತಾಡಲು ಹೋಗುವುದುಂಟು. ಯಾರದಾದರೂ ಮನೆಯೊಳಗೆ ಕಂಡರೆ ಮನೆಯವರು ಗದ್ದಲ ಮಾಡದೆ, ದಾರಿ ತಪ್ಪಿ ಬಂದ ನೆಂಟನನ್ನು ಕಳುಹಿಸಿಕೊಡುವಂತೆ, ಮೆಲ್ಲನೆ ಎತ್ತಿ ಗುಡಿಗೆ ಮುಟ್ಟಿಸುತ್ತಾರೆ. ಯಾತ್ರಿಕರ ಕೊರಳಲ್ಲಿ ಅವು ಹಾರದಂತೆ ಸುಮ್ಮನೆ ಬಿದ್ದಿರುತ್ತವೆ. ಹಾಗಾದರೆ ಅದೇ ಜಾತಿಯ ಮರಿಯು ಬರ್ಮಿಂಗ್‌ಹ್ಯಾಮಿನಲ್ಲಿ ಏಕೆ ಬುಸುಗುಟ್ಟುತ್ತಿತ್ತು?

ಮರಿಯ ಕಡೆಯಿಂದ ನೋಡೋಣ. ಮೊಟ್ಟೆಯೊಡೆದು ಬಂದಾಗ ಅದರ ಉದ್ದ ಒಂದೂಕಾಲು ಅಡಿ, ದಪ್ಪ ನಮ್ಮ ಹೆಬ್ಬೆರಳಿನಷ್ಟು. ಕಾಡಿನಲ್ಲಿ ಅದನ್ನು ತಿನ್ನುವವು ಅನೇಕ. ಹದ್ದು ಗಿಡುಗಗಳು ಮೇಲಿನಿಂದ ಎರಗುತ್ತವೆ. ಆದುದರಿಂದ ಮೇಲಿನಿಂದ ಇಳಿದುಬರುವ ಯಾವುದೇ ನೆರಳಾದರೂ ಅದಕ್ಕೆ ಮೃತ್ಯುವಿನ ನೆರಳೇ. ಹಗಲೆಲ್ಲ ಬಿಲದಲ್ಲಿ ಅಡಗಿದ್ದು ರಾತ್ರಿ ಹೊರಡುವುದು ಅದರ ಕ್ರಮ. ಹೊರಕಿವಿಯಿಲ್ಲ, ನೆಲದ ಅದುರಾಟವು ದವಡೆಯೆಲುಬಿನ ಮೂಲಕ ಒಳಕಿವಿಗೆ ಮುಟ್ಟುತ್ತದೆ. ತುಟಿಯಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿವೆ. ಅವು ಬಿಸಿಯನ್ನು ಗ್ರಹಿಸುವ ಇಂದ್ರಿಯಗಳು. ಕತ್ತಲೆಯಲ್ಲಿ ಬಿಸಿರಕ್ತದ ಇಲಿಯನ್ನು ಅದು ಕಂಡುಕೊಳ್ಳುವುದು ಇವುಗಳಿಂದ. ನಾಲಿಗೆಯನ್ನು ಚಾಚಿ ಚಾಚಿ ಎಳೆದುಕೊಳ್ಳುವುದು ಕಚ್ಚುವುದಕ್ಕಲ್ಲ, ಮೂಸುವುದಕ್ಕೆ. ಈಗ ಯೋಚಿಸಿರಿ: ಮೇಲಿನಿಂದ ಒಂದು ಬಿಸಿಯಾದ, ಅಪರಿಚಿತ ವಾಸನೆಯ, ತನಗಿಂತ ಎಷ್ಟೋ ದೊಡ್ಡದಾದ ವಸ್ತುವು ಬಂದು ನಡುಮೈಯನ್ನು ಹಿಡಿದೆತ್ತುತ್ತದೆ. ಅದನ್ನು ಸ್ನೇಹವೆಂದು ತಿಳಿಯಲು ಆ ಮರಿಗೆ ಕಾರಣವೇನಿದೆ?

ಅಭ್ಯಾಸವಾಗುವುದೆಂದರೇನೆಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ತಿಳಿದಿದ್ದಾರೆ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿಯು ಅಪ್ಲಿಸಿಯ ಎಂಬ ಕಡಲ ಬಸವನಹುಳುವಿನ ಮೇಲೆ ನಡೆಸಿದ ಸಂಶೋಧನೆಗಾಗಿ 2000ನೆಯ ಇಸವಿಯಲ್ಲಿ ನೊಬೆಲ್ ಪಾರಿತೋಷಕದ ಪಾಲನ್ನು ಪಡೆದನು. ಆ ಹುಳುವಿನ ನೀರ್ಗೊಳವೆಯನ್ನು ಹಗುರಾಗಿ ಮುಟ್ಟಿದರೆ ಅದು ಕಿವಿರನ್ನು ಥಟ್ಟನೆ ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಹಾಗೆಯೇ ಮುಟ್ಟುತ್ತ ಹೋದರೆ, ಕೇಡೇನೂ ಆಗಲಿಲ್ಲವೆಂದು ಕಂಡು, ಎಳೆದುಕೊಳ್ಳುವುದು ಕ್ರಮೇಣ ಕಡಮೆಯಾಗುತ್ತದೆ. ಆದರೆ ಅದರ ಬಾಲಕ್ಕೆ ಒಮ್ಮೆ ವಿದ್ಯುತ್ತಿನ ಪೆಟ್ಟು ಕೊಟ್ಟರೆ, ಆ ಬಳಿಕ ಹಗುರಾದ ಸ್ಪರ್ಶಕ್ಕೂ ಮೊದಲಿಗಿಂತ ಹೆಚ್ಚಾಗಿ ಬೆಚ್ಚುತ್ತದೆ. ಹಾವು ಬಸವನಹುಳುವಲ್ಲ, ನಿಜ. ಆದರೂ ಈ ಎರಡು ದಾರಿಗಳು ಪ್ರಾಣಿಲೋಕದಲ್ಲಿ ಬಹಳ ವ್ಯಾಪಕವಾಗಿವೆ. ಕೇಡಿಲ್ಲದ ಸ್ಪರ್ಶವು ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ಒದಗಿದರೆ ಅಂಜಿಕೆ ಸವೆಯುತ್ತದೆ. ದಿಗಿಲುಗೊಳಿಸುವಂತೆ ಒದಗಿದರೆ ಬೆಳೆಯುತ್ತದೆ. ನಮ್ಮ ಹುಡುಗನು ಕೊಟ್ಟದ್ದು, ಪಾಪ, ಎರಡನೆಯ ಬಗೆಯದು. ಹೆಚ್ಚು ಪ್ರೀತಿಯಿಂದಲೇ ಕೊಟ್ಟನು.

ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯೆಯೊಬ್ಬಳ ಬಳಿಗೆ ಮರಿಯನ್ನು ಒಯ್ದೆವು. ರೋಗವೇನೂ ಇರಲಿಲ್ಲ, ತೂಕ 112 ಗ್ರಾಂ. ಈ ಜಾತಿಯ ಹಾವುಗಳು ತಿಂಗಳುಗಟ್ಟಲೆ ಉಪವಾಸವಿರಬಲ್ಲವು, ಆದರೆ ಎಳೆಯ ಮರಿಯ ತೂಕವನ್ನು ವಾರಕ್ಕೊಮ್ಮೆ ನೋಡುತ್ತಿರತಕ್ಕದ್ದು ಎಂದಳು. ಬಳಿಕ ಆಕೆ ಹುಡುಗನ ಕೈ ಹಿಡಿದು ನೋಡಿ, “ಇದಕ್ಕೆ ಎರಡು ವಾರ ರಜೆ” ಎಂದಳು. ಆ ಹಾವಿಗೆ ಔಷಧವೆಂದರೆ ಅಷ್ಟೇ.

ಮೊದಲು ಮನೆಯನ್ನು ಸರಿಪಡಿಸಿದೆವು. ಆ ಪೆಟ್ಟಿಗೆಯಲ್ಲಿ ಅಡಗಲು ಇದ್ದುದು ಒಂದೇ ತಾವು, ಅದೂ ನೆಲ್ಲಿಕಾಯಿಯನ್ನು ಹಂಡೆಯಲ್ಲಿಟ್ಟಂತೆ ವಿಶಾಲವಾದುದು. ಹಾವಿಗೆ ಬೇಕಾದುದು ಮೈಗೆ ನಾಲ್ಕೂ ಕಡೆ ತಾಗುವಂಥ ಇಕ್ಕಟ್ಟಾದ ಗೂಡು. ಅಂಥ ಎರಡನ್ನು ಇರಿಸಿದೆವು. ಒಂದು ಬಿಸಿಯ ಕಡೆ, ಮತ್ತೊಂದು ತಂಪಿನ ಕಡೆ. ಒಂದೇ ಇದ್ದರೆ ಮರಿಯು ಬಿಸಿಯನ್ನು ಆರಿಸಬೇಕೋ ಮರೆಯನ್ನು ಆರಿಸಬೇಕೋ ಎಂದು ಕಷ್ಟಪಡಬೇಕಾಗುತ್ತದೆ. ಬಿಸಿಯ ಕಡೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 25 ಅಥವಾ 26. ಪೆಟ್ಟಿಗೆಯನ್ನು ದೂರದರ್ಶನವಿದ್ದ ಹಜಾರದಿಂದ ಒಂದು ಮೂಲೆಯ ಕೋಣೆಗೆ ಸಾಗಿಸಿದೆವು. ಆಮೇಲೆ ನೀರು ಬದಲಿಸುವುದೊಂದನ್ನು ಬಿಟ್ಟು ಯಾರೂ ಕೈಹಾಕಲಿಲ್ಲ. ಹುಡುಗನಿಗೆ ಇದು ಅತ್ಯಂತ ಕಠಿಣವಾದ ಪಾಠವಾಯಿತು. ದೂರದಲ್ಲಿ ಕುಳಿತು, ಗೂಡಿನ ಬಾಯಿಯನ್ನೇ ನೋಡುತ್ತಿದ್ದನು.

ಎಂಟನೆಯ ದಿನ ಭಾನುವಾರ ರಾತ್ರಿ, ದೀಪವನ್ನು ಆರಿಸಿ, ಉದ್ದನೆಯ ಇಕ್ಕಳದಲ್ಲಿ ಆಹಾರವನ್ನು ಒಡ್ಡಿದಾಗ ಮರಿಯು ಹಿಡಿಯಿತು. ಆ ದೇಶದಲ್ಲಿ ಸತ್ತ ಇಲಿಮರಿಗಳನ್ನು ಹಿಮಗಟ್ಟಿಸಿ ಮಾರುತ್ತಾರೆ. ಕರಗಿಸಿ, ಬೆಚ್ಚಗೆ ಮಾಡಿ ಕೊಡಬೇಕು. (ಮನೆಯವರು ಶುದ್ಧ ಸಸ್ಯಾಹಾರಿಗಳು. ಹಾವಿನ ಊಟಕ್ಕೆಂದೇ ಮೋಟಾರು ಶೆಡ್ಡಿನಲ್ಲಿ ಒಂದು ಪುಟ್ಟ ಫ್ರಿಜ್ಜು ಬೇರೆಯಾಗಿದೆ. ಊರಿನಲ್ಲಿರುವ ಅಜ್ಜಿಗೆ ಈ ವಿಷಯವನ್ನು ಇನ್ನೂ ತಿಳಿಸಿಲ್ಲ.) ಇಕ್ಕಳವನ್ನು ಬಳಸುವುದಕ್ಕೆ ಕಾರಣವುಂಟು: ಊಟ ಬರುವುದು ಇಕ್ಕಳದಿಂದ, ಕೈಯಿಂದಲ್ಲ ಎಂದು ಹಾವಿಗೆ ಗೊತ್ತಾಗಬೇಕು. ಮುಂದಿನ ಭಾನುವಾರ ಅದು ಮತ್ತೆ ತಿಂದಿತು. ಊಟವಾದ ಮೇಲೆ ಎರಡು ದಿನ, ಅಂದರೆ 48 ತಾಸು, ಮುಟ್ಟಕೂಡದು. ದಿಗಿಲುಬಿದ್ದ ಹಾವು ತಿಂದುದನ್ನು ಕಕ್ಕಿಬಿಡಬಹುದು. ಅದರೊಡನೆ ಬರುವ ಜಠರದ ಆಮ್ಲವು ಅನ್ನನಾಳವನ್ನು ಸುಡುತ್ತದೆ.

ಹೀಗೆ ಬುಧವಾರ ಮತ್ತು ಶುಕ್ರವಾರ ಎಂದು ಎರಡು ದಿನಗಳನ್ನು ಗೊತ್ತುಮಾಡಿದೆವು. ಮೊದಲ ವಾರ ಎತ್ತಲಿಲ್ಲ. ಹುಡುಗನು ಸೋಪಿನಿಂದ ಕೈ ತೊಳೆದು, ಪೆಟ್ಟಿಗೆಯ ಪಕ್ಕದಿಂದ ಕೈಯನ್ನು ಒಳಗಿಟ್ಟು ಐದು ನಿಮಿಷ ಸುಮ್ಮನಿದ್ದನು. ಮರಿಯು ಗೂಡಿನಿಂದ ಅರ್ಧ ತಲೆ ಹೊರಗೆ ಚಾಚಿ ನಾಲಿಗೆಯಾಡಿಸಿತು. ಶುಕ್ರವಾರ ಬೆರಳಿನ ತನಕ ಬಂದು ಮೂಸಿ ಹಿಂದಿರುಗಿತು. ಹುಡುಗನು ಉಸಿರು ಬಿಗಿಹಿಡಿದು ಕುಳಿತಿದ್ದ ಆ ಭಂಗಿಯನ್ನು ನಾವು ಮರೆತಿಲ್ಲ.

ಎತ್ತುವ ಕ್ರಮ ಹೀಗೆ. ಮೊದಲು ಸುರುಳಿ ಸುತ್ತಿದ ಕಾಗದದಿಂದ ಮೈಯ ನಡುಭಾಗವನ್ನು ಮೆಲ್ಲನೆ ಸವರಬೇಕು. ಊಟದ ಹೊತ್ತಲ್ಲವೆಂದು ಅದಕ್ಕೆ ಆಗ ತಿಳಿಯುತ್ತದೆ. ಬಳಿಕ ಪಕ್ಕದಿಂದ, ತಡವರಿಸದೆ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಬೇಕು. ಅನುಮಾನಿಸುತ್ತ ಅನುಮಾನಿಸುತ್ತ ಕೈ ಮುಂದೆ ಹಿಂದೆ ಆಡಿಸಿದರೆ ಹಾವಿಗೆ ಹೆಚ್ಚು ಗಾಬರಿ. ತಲೆಯನ್ನಾಗಲಿ ಬಾಲವನ್ನಾಗಲಿ ಹಿಡಿಯತಕ್ಕದ್ದಲ್ಲ. ಎತ್ತಿದ ಮೇಲೆ ಬಿಗಿಹಿಡಿಯದೆ, ಅದು ಹರಿಯುವ ಕಡೆಗೆ ಕೈಯನ್ನು ಒಂದರ ಮುಂದೊಂದು ಕೊಂಬೆಯಂತೆ ಒಡ್ಡುತ್ತಿರಬೇಕು. ನಾಲಿಗೆಯನ್ನು ನಿಧಾನವಾಗಿ ಆಡಿಸುತ್ತ ಮೆಲ್ಲಗೆ ಹರಿದರೆ ಸಮಾಧಾನದಲ್ಲಿದೆ ಎಂದು ಅರ್ಥ. ಕೊರಳನ್ನು ಕೊಕ್ಕೆಯಂತೆ ಹಿಂದಕ್ಕೆ ಮಡಿಸಿ ನಿಟ್ಟಿಸಿದರೆ ಹಾರಲು ಸಿದ್ಧವಾಗಿದೆ. ಉಸಿರಾಟ ಬಿರುಸಾದರೆ ಅಂಜಿದೆ. ಮೊದಲ ದಿನ ಐದೇ ನಿಮಿಷ. ಅದು ಶಾಂತವಾಗಿರುವಾಗಲೇ ಒಳಗೆ ಬಿಡುವುದು ಮೇಲು; ಕೆರಳಿದಾಗಲೆಲ್ಲ ಥಟ್ಟನೆ ಬಿಟ್ಟರೆ ಕೆರಳುವುದೇ ಬಿಡುಗಡೆಯ ಉಪಾಯವೆಂದು ಅದು ಕಲಿತೀತು. ಆದರೆ ಇದನ್ನೇ ನೆಪಮಾಡಿಕೊಂಡು ನಡುಗುವ ಮರಿಯನ್ನು ಗಂಟೆಗಟ್ಟಲೆ ಹಿಡಿದುಕೊಳ್ಳುವವರನ್ನು ನಾವು ಒಪ್ಪುವುದಿಲ್ಲ.

ಮೂರನೆಯ ಸಲ ಎತ್ತುವಾಗ ಅನರ್ಥವಾಯಿತು. ಹುಡುಗನು ನೆರೆಮನೆಯಲ್ಲಿ ಹ್ಯಾಮ್‌ಸ್ಟರ್ ಎಂಬ ಸಾಕಿಲಿಯೊಡನೆ ಆಡಿ ಬಂದು, ಕೈ ತೊಳೆಯುವುದನ್ನು ಮರೆತು ಪೆಟ್ಟಿಗೆಗೆ ಕೈಹಾಕಿದನು. ಮರಿಯು ಬೆರಳನ್ನು ಕಚ್ಚಿ, ಸುತ್ತಿಕೊಂಡೂಬಿಟ್ಟಿತು. ಎಳೆಯಬಾರದೆಂಬುದು ಅವನಿಗೆ ನೆನಪಿತ್ತು, ಪುಣ್ಯ. ಹಾವಿನ ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಎಳೆದರೆ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ಅದರ ಬಾಯಿಯ ಬಳಿ ತಣ್ಣೀರನ್ನು ಹನಿಸಿದಾಗ ತಾನಾಗಿ ಬಿಟ್ಟಿತು. ಸೂಜಿ ಚುಚ್ಚಿದಂಥ ಕೆಲವು ಗುರುತುಗಳು, ನಾಲ್ಕು ಹನಿ ರಕ್ತ. ತೊಳೆದು ಔಷಧ ಹಚ್ಚಿದೆವು. ತಾಯಿಯು ಇಷ್ಟಕ್ಕೇ ಸಾಕು ಎಂದಳು, ಹುಡುಗನು ಮಾತಾಡಲಿಲ್ಲ. ವೈದ್ಯೆಗೆ ದೂರವಾಣಿಯಲ್ಲಿ ತಿಳಿಸಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಕಚ್ಚಿ ಬಿಟ್ಟಿತೋ, ಕಚ್ಚಿ ಹಿಡಿಯಿತೋ?” ಅಂಜಿದ ಹಾವು ಹೊಡೆದು ಹಿಂದೆ ಸರಿಯುತ್ತದೆ, ಹಸಿದ ಹಾವು ಹಿಡಿದು ಸುತ್ತುತ್ತದೆ. ಇದು ಎರಡನೆಯದು. ಬೆರಳಿನಲ್ಲಿದ್ದ ವಾಸನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಹುಡುಗನ ಮುಖ ಸ್ವಲ್ಪ ಅರಳಿತು. ಶುಕ್ರವಾರ ಅವನು ಎರಡು ಸಲ ಕೈ ತೊಳೆದುಕೊಂಡು ಬಂದನು. ಹಾವನ್ನು ಮುಟ್ಟಿದ ಮೇಲೆಯೂ ತೊಳೆಯಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣುಗಳಿರುವುದುಂಟು.

ಇದನ್ನೋದಿ ನಿಮ್ಮಲ್ಲಿ ಯಾರಿಗಾದರೂ ಹೆಬ್ಬಾವಿನ ಮರಿಯೊಂದನ್ನು ತರುವ ಆಸೆಯಾದರೆ ಅದನ್ನು ಇಲ್ಲಿಯೇ ಬಿಡಬೇಕು. ನಮ್ಮ ದೇಶದ ಹೆಬ್ಬಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪೂರ್ಣ ರಕ್ಷಣೆಯಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹೊರದೇಶದ ಇಂಥ ಹಾವುಗಳನ್ನಿಟ್ಟುಕೊಳ್ಳುವವರು 2022ರ ತಿದ್ದುಪಡಿಯ ಪ್ರಕಾರ ಸರಕಾರದಲ್ಲಿ ನೋಂದಣಿ ಮಾಡಿಸತಕ್ಕದ್ದು. ಹೆಬ್ಬಾವನ್ನು ನೋಡಲು ಬಯಸುವವರಿಗೆ ನಮ್ಮ ಗಿಂಡಿಯಲ್ಲಿಯೇ ಹಾವುಗಳ ಉದ್ಯಾನವಿದೆ. ಅಲ್ಲಿ ಗಾಜನ್ನು ಬಡಿಯುವ ಮಕ್ಕಳನ್ನು ನಾವು ಅನೇಕ ಬಾರಿ ಕಂಡಿದ್ದೇವೆ. ಆ ಸದ್ದು ಒಳಗಿರುವ ಹಾವಿನ ದವಡೆಯವರೆಗೆ ಹೋಗುತ್ತದೆಂಬುದು ಈಗ ನಿಮಗೆ ಗೊತ್ತಾಯಿತಲ್ಲ.

ನಾವು ಹೊರಡುವ ಮುನ್ನಾದಿನ ಮರಿಯು ಹುಡುಗನ ಮುಂಗೈಯನ್ನು ಬಳಸಿಕೊಂಡು ಹನ್ನೆರಡು ನಿಮಿಷ ಇತ್ತು. ತೂಕ 131 ಗ್ರಾಂ ಆಗಿತ್ತು. ನಮ್ಮ ಕೈಗೂ ಅದನ್ನು ಕೊಡಲೇ ಎಂದು ಅವನು ಕೇಳಿದನು. ಅದಕ್ಕೆ ನಮ್ಮ ಅಭ್ಯಾಸವಿಲ್ಲವಲ್ಲ ಎಂದೆವು. ನಿಜವಾದ ಕಾರಣ ಬೇರೆಯಿತ್ತೆಂಬುದು ಅವನಿಗೂ ತಿಳಿದಿತ್ತೆಂದು ತೋರುತ್ತದೆ. ಊರಿಗೆ ಬಂದ ತಿಂಗಳೊಳಗೆ ಅವನ ಪತ್ರ ಬಂತು, ತಾಯಿಯ ಸಹಾಯದಿಂದ ಕನ್ನಡದಲ್ಲಿಯೇ ಬರೆದದ್ದು. ಮರಿಯ ಕಣ್ಣುಗಳು ಹಾಲಿನಂತೆ ನೀಲಿಗಟ್ಟಿವೆ, ಪೊರೆ ಬಿಡುವ ಕಾಲ ಬಂದಿದೆ, ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲವಾದ್ದರಿಂದ ಒಂಬತ್ತು ದಿನದಿಂದ ಮುಟ್ಟಿಲ್ಲ, ಗೆಳೆಯರನ್ನೂ ಕೋಣೆಯೊಳಗೆ ಬಿಟ್ಟಿಲ್ಲ ಎಂದು ಬರೆದಿದ್ದನು.