ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ?

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಉತ್ತರ: ನೇರ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದ ಲೆಕ್ಕದಲ್ಲಿ ಹದಿನೈದೂವರೆ ಗಂಟೆ ಸಾಕು. ಆದರೆ ಗಾಳಿ, ಬಳಸುದಾರಿ ಸೇರಿ 16–17 ಗಂಟೆ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ಎರಡೂ ಊರುಗಳ ರೇಖಾಂಶದ ಅಂತರ ಸುಮಾರು 160 ಡಿಗ್ರಿ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವ ವಲಯದ ಮೂಲಕ ಹಾಯುತ್ತದೆ. ಗೋಡೆಯ ನಕ್ಷೆಯಲ್ಲಿ ಇದು ತಿಳಿಯದು. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿನಿಂದಲೇ ಬೋಯಿಂಗ್ 777 ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿದರು.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಅವಧಿಯನ್ನು ಲೆಕ್ಕ ಹಾಕುವಾಗ ಟಿಕೆಟ್‌ನ ಎರಡು ಸಮಯಗಳ ಅಂತರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಸೇರಿಸಿಕೊಳ್ಳಿ.